ಅಳತೆ ಕಪ್ಪು

ಪುಣೆಯಿಂದ ಬಂದಾತ ಬೂಟು ಕಳಚದೆ ಭಟ್ಟಿಯ ಕೋಣೆಗೆ ಹೊಕ್ಕ.
ಟಾರ್ಚು ಹಾಕಿ ನೋಡಿದ್ದು ಮೊದಲು ಎಂಜಿನ್ ನಂಬರು,
ಆಮೇಲೆ ಚಾಸಿಸ್ ನಂಬರು,
ಆಮೇಲೆ ನನ್ನ ಮುಖ.
"ಇದೇನಾ ರೇಸು ಗೆದ್ದದ್ದು?"

ಹೌದು.
ಐವತ್ತೆಂಟರ ಮೇ ತಿಂಗಳು, ತಣ್ಣೀರುಬಾವಿ.
ಕಡಲು ಇಳಿದು ಮರಳು ಸಿಮೆಂಟಿನ ಹಾಗೆ ಬಿಗಿಯುವ
ಆ ಎರಡು ಗಂಟೆ ಹೊತ್ತು.
ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಅಡ್ಡ ಮಲಗಿಸಿ
ಅರ್ಧ ಎಣ್ಣೆಯನ್ನು ದೋಣಿಗೇ ಕುಡಿಸಿ
ದಾಟಿಸಿದ ಬಿ.ಎಸ್.ಎ.

ಕಾಫಿ ತೋಟದವರ ಟ್ರಯಂಫ್, ಡಾಕ್ಟರರ ನಾರ್ಟನ್,
ಹೆಂಚಿನ ಕಾರ್ಖಾನೆ ಧಣಿಯ ಮಗನ ಹೊಚ್ಚ ಹೊಸ ಏರಿಯಲ್.
ಅವುಗಳ ಸಾಲಿನಲ್ಲಿ ಮಡ್‌ಗಾರ್ಡ್ ಬಿಚ್ಚಿದ, ಲೈಟು ಬಿಚ್ಚಿದ,
ಹಿಂದಿನ ಕ್ಯಾರಿಯರ್ ಬಿಚ್ಚಲು ಮಾತ್ರ ಮರೆತ
ಪಪ್ಪನ ಮುನ್ನೂರೈವತ್ತು.

ಹನ್ನೊಂದು ನಿಮಿಷ.
ಟ್ರಯಂಫ್ ತೆರೆಗೆ ಅಂಜಿ ಒಣ ಮರಳಿಗೆ ಬಿತ್ತು.
ನಾರ್ಟನ್ನಿನ ಚೈನು ಹರಿಯಿತು.
ಏರಿಯಲ್ ಕೊನೆಯ ತಿರುವಿನ ತನಕ ಮುಂದೆ.
ಪಪ್ಪ ನೊರೆಯ ಅಂಚಿಗೇ ಹಿಡಿದರಂತೆ,
ಸೈಲೆನ್ಸರಿನಿಂದ ಹಬೆ ಎದ್ದು ಗಾಡಿಯೇ ಕಾಣಲಿಲ್ಲವಂತೆ,
ಆ ಕ್ಯಾರಿಯರಿನ ಭಾರಕ್ಕೇ ಹಿಂದಿನ ಚಕ್ರ ಮರಳು ಕಚ್ಚಿತಂತೆ.
ಇದೆಲ್ಲ ಮೆಕ್ಯಾನಿಕ್ ಚಯ್ಯಬ್ಬನ ಮಾತು.
ಪಪ್ಪ ಹೇಳುತ್ತಿದ್ದದ್ದು ಇಷ್ಟೆ:
"ನನಗೆ ಬ್ರೇಕು ಇರಲಿಲ್ಲ ಮಾರಾಯ."

ಪುಣೆಯವನು ಎಲ್ಲ ಬರೆದುಕೊಂಡ.
ಮರುದಿನದ್ದನ್ನು ಬರೆದುಕೊಳ್ಳಲಿಲ್ಲ.

ಮರುದಿನ ನಾಲ್ಕು ಗಂಟೆಗೆ
ಅದೇ ಕ್ಯಾರಿಯರಿನಲ್ಲಿ ಗೋಣಿ ಹೊದ್ದ ಮುನ್ನೂರು ಉಂಡೊ,
ಕುಲಶೇಖರದಿಂದ ಕಂಕನಾಡಿ ಆಸ್ಪತ್ರೆ, ಜೆಪ್ಪು,
ಬಂದರಿನ ಚಾ ಹೋಟೆಲುಗಳು.
ಅದರ ಮರುದಿನವೂ.
ಭಾನುವಾರ ಎರಡು ಸಲ.

ಕಾರ್ಬುರೇಟರಿನ ಗುಬ್ಬಿ ಒತ್ತಬೇಕು, ಬೆರಳಿಗೆ ಪೆಟ್ರೋಲು ತಾಗುವ ತನಕ.
ಎಡಗೈಯ ಲಿವರು ಎಳೆಯಬೇಕು, ಇಲ್ಲವಾದರೆ ತಿರುಗಿ ಒದೆಯುತ್ತದೆ;
ಪಪ್ಪನ ಮೊಣಕಾಲ ಕೆಳಗೆ ಅದರ ರುಜು ಇತ್ತು.
ಮೊದಲ ಒದೆತ ಗಾಡಿಗೆ, ಎರಡನೆಯದು ಸಂತ ಅಂತೋನಿಗೆ,
ಮೂರನೆಯದಕ್ಕೆ ಕೇರಿಯ ನಾಯಿಗಳೆಲ್ಲ ಎದ್ದವು.

ಟ್ಯಾಂಕಿನ ಮೇಲೆ ಒಂದಕ್ಕೊಂದು ಒರಗಿಸಿಟ್ಟ ಮೂರು ಕೋವಿಗಳ ಗುರುತು.
ಕೋವಿ ಮಾಡುತ್ತಿದ್ದ ಕಂಪನಿಯಂತೆ.

ಸೋರುತ್ತಿತ್ತು, ಸುಳ್ಳು ಯಾಕೆ.
ನಿಂತಲ್ಲೆಲ್ಲ ನಾಲ್ಕಾಣೆ ಅಗಲದ ಬೊಟ್ಟು.
"ಸೋರುವುದು ನಿಂತ ದಿನ ಹೆದರು, ಒಳಗೆ ಎಣ್ಣೆ ಮುಗಿದಿದೆ ಅಂತ."
ಇದು ಚಯ್ಯಬ್ಬನ ಶಾಸ್ತ್ರ.
ಇಲ್ಲಿಯ ಯಾವ ಸ್ಪ್ಯಾನರೂ ಅದರ ನಟ್ಟಿಗೆ ಕೂರುವುದಿಲ್ಲ.
ಬಂದರಿನ ಗುಜರಿಯಲ್ಲಿ ಒಂದೊಂದೇ ಆರಿಸಿ ಚೀಲದಲ್ಲಿ ಕಾದಿಟ್ಟಿದ್ದ,
ಮಗಳಿಗೆ ಚಿನ್ನ ಕೂಡಿಸಿದ ಹಾಗೆ.

ಒಂದೇ ಒಂದು ಬೆಳಿಗ್ಗೆ,
ಅರುವತ್ತೆಂಟರಲ್ಲೋ ಒಂಬತ್ತರಲ್ಲೋ,
ಮ್ಯಾಗ್ನೆಟೊ ಮಳೆನೀರು ಕುಡಿದು ಸ್ಟಾರ್ಟ್ ಆಗಲಿಲ್ಲ.
ಆಸ್ಪತ್ರೆಯ ಅಡುಗೆಯ ಸಿಸ್ಟರ್ ಸಾಯುವ ತನಕ
ಆ ಬೆಳಗಿನ ಬಗ್ಗೆ ಮಾತ್ರ ಕೇಳುತ್ತಿದ್ದರು.

ಬೆಲೆ ಹೇಳಿದ. ಒಳ್ಳೆಯ ಬೆಲೆಯೇ.
"ಕಪ್ಪು ಸಿಕ್ಕಿದರೆ ಎರಡರಷ್ಟು. ಗೆದ್ದದ್ದಕ್ಕೆ ಸಾಕ್ಷಿ ಬೇಕಲ್ಲ."

ಕಪ್ಪು ಉಂಟು.
ಮೈದಾ ಮೂಟೆಯ ಮೇಲೆ ಬೋರಲಾಗಿ.
ಒಂದು ಕಿವಿ ಇಲ್ಲ. ಬೆಳ್ಳಿಯ ಲೇಪ ಹೋಗಿ ಹಿತ್ತಾಳೆ ಹೊರಗೆ.
ಪಾಸ್ಕಲ್ ತಾವ್ರೊ ಎಂದು ಕೆತ್ತಿದಲ್ಲಿ ಅಕ್ಷರಕ್ಕಕ್ಷರ ಹಿಟ್ಟು.

ಮಾಯ್ ನಾದುವ ಕೈ ಎತ್ತದೆ ಹೇಳಿದಳು:
"ಗಾಡಿ ಬೇಕಾದರೆ ಕೊಂಡುಹೋಗು. ಕಪ್ಪು ಆಗುವುದಿಲ್ಲ.
ಮೂಟೆಗೆ ಆ ಕಪ್ಪಿನಲ್ಲಿ ಎರಡು ಕಪ್ಪು ಕಳ್ಳು.
ಬೇರೆಯದರಲ್ಲಿ ಅಳೆದ ದಿನ ಹಿಟ್ಟು ಏಳಲಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ.
ಕಪ್ಪಿಲ್ಲದಿದ್ದರೆ ಇದು ಬರೀ ಹಳೆ ಗಾಡಿ ಅಂದ.
"ಹೌದು ಮತ್ತೆ," ಅಂದಳು.

ಹೋಗುವಾಗ ಬೊಟ್ಟು ಮೆಟ್ಟಿದ್ದ, ನೋಡಿರಲಿಲ್ಲ.
ಭಟ್ಟಿಯಿಂದ ಗೇಟಿನ ತನಕ
ಒಂದೇ ಕಾಲಿನ ಎಣ್ಣೆ ಹೆಜ್ಜೆ.
ಮಾಯ್ ಅದರ ಮೇಲೆ ಬೂದಿ ಉದುರಿಸುತ್ತ ಹೋದಳು,
ನಾಳೆ ನಾಲ್ಕಕ್ಕೆ ನಾನು ಜಾರಬಾರದೆಂದು.